ರಿಪೆಕಾಳ ಬೆನ್ನಿಗೆ ನಿಂತವನು

"ಏನ್ರೀ, ಕಣ್ಣು ಕಾಣಲ್ವಾ? ಕಾಲ ಹತ್ರ ಬಿದ್ದಿರೋ ಕೀ ಎತ್ತಿ ಕೊಡೋಕೂ ಆಗಲ್ವಾ ನಿಮಗೆ?"

ರಿಪೆಕಾಳ ದನಿಗೆ ಚಿಕಿತ್ಸಾಲಯದ ಮೊಗಸಾಲೆಯಲ್ಲಿ ಕೂತಿದ್ದ ಮುದುಕರಿಬ್ಬರು ಪತ್ರಿಕೆಯಿಂದ ತಲೆ ಎತ್ತಿದರು.

ಆರಡಿ ಎತ್ತರದ ಆಳು. ಬಾಗಿಲಿನಷ್ಟು ಅಗಲದ ಭುಜ. ಜಾಕೆಟ್ಟಿನ ಜೇಬಿನಲ್ಲಿ ಕೈ ಇಳಿಬಿಟ್ಟುಕೊಂಡು ಕಂಬದ ಹಾಗೆ ನಿಂತಿದ್ದಾನೆ! ಅವಳ ಗಾಡಿಯ ಕೀಲಿಕೈ ಅವನ ಬೂಟಿನ ತುದಿಯಲ್ಲೇ ಬಿದ್ದಿದೆ. ಅವಳೋ ಗೋಡೆ ಹಿಡಿದು ನಿಂತಿದ್ದಾಳೆ. ಸೊಂಟ ಬಗ್ಗಿಸುವಂತಿಲ್ಲ. ಕುಕ್ಕರಗಾಲಿನಲ್ಲಿ ಕೂತರೆ ಮತ್ತೆ ಮೇಲೇಳುವ ಭರವಸೆಯಿಲ್ಲ...

'ಇಂಥ ಮನುಷ್ಯರೂ ಇರ್ತಾರಾ!'

"ಕಾಣ್ತಿದೆ," ಎಂದ ಅವನು, ಮೆತ್ತಗೆ. "ಆದ್ರೆ ಎತ್ತೋಕಾಗಲ್ಲ."

"ಯಾಕೆ? ಕೈಗೆ ಮಣ್ಣಾಗುತ್ತಾ?"

ಅವನು ಇಡೀ ಮೈಯನ್ನು ಒಟ್ಟಿಗೇ ತಿರುಗಿಸಿ ಬೆನ್ನು ತೋರಿಸಿದ. ಜಾಕೆಟ್ಟನ್ನೂ ಅಂಗಿಯನ್ನೂ ಒಂದು ಗೇಣು ಮೇಲೆತ್ತಿದ. ಸೊಂಟದಿಂದ ಮೇಲಕ್ಕೆ ಕೆಂಪಗೆ, ಹಸಿಹಸಿಯಾದ ಉದ್ದನೆಯ ಗಾಯದ ಗೆರೆ!

ರಿಪೆಕಾಳ ಕೈ ತನ್ನ ಸೊಂಟಕ್ಕೆ ಹೋಯಿತು. ಅಂಥದೇ ಗೆರೆ ತನ್ನ ಬೆನ್ನಿನ ಮೇಲೂ ಇದೆ.

"ಒಳಗೆ ಎರಡು ಕಬ್ಬಿಣದ ಸಲಾಕೆ, ಆರು ಸ್ಕ್ರೂ," ಎಂದ ಅವನು. "ನಿಮಗೆ?"

"ಎರಡು ಸಲಾಕೆ... ನಾಲ್ಕು ಸ್ಕ್ರೂ."

"ಹಾಗಾದ್ರೆ ಈ ಕೀ ಇಲ್ಲೇ ಇರ್ಲಿ ಬಿಡಿ. ನಮ್ಮಿಬ್ಬರಲ್ಲಿ ಯಾರಿಗೆ ಮೊದ್ಲು ವಾಸಿಯಾಗುತ್ತೋ ಅವರು ಎತ್ಕೊಳ್ಳಲಿ."

ತಡೆಯಲಾಗದೆ ಅವಳು ನಕ್ಕುಬಿಟ್ಟಳು. ನಕ್ಕದ್ದಕ್ಕೆ ಬೆನ್ನು ಚುರ್ ಎಂದಿತು. ಆದರೂ ನಕ್ಕಳು. ಮೂರು ತಿಂಗಳಲ್ಲಿ ಅದೇ ಮೊದಲ ನಗು!

ರಿಪೆಕಾ ಕುರಿಯ ಉಣ್ಣೆ ಕತ್ತರಿಸುವವಳು. ಹದಿನೇಳನೇ ವಯಸ್ಸಿಗೆ ಯಂತ್ರದ ಕತ್ತರಿ ಹಿಡಿದವಳು, ಮೂವತ್ತೊಂದಾಗುವವರೆಗೆ ಕೆಳಗಿಟ್ಟಿರಲಿಲ್ಲ. ಒಂದೇ ದಿನದಲ್ಲಿ ಇನ್ನೂರ ಎಪ್ಪತ್ತು ಕುರಿ ಬೋಳಿಸಿದ್ದಳು. ದೇಶದ ದಕ್ಷಿಣ ತುದಿಯ ಸೌತ್‌ಲ್ಯಾಂಡಿನ ಉಣ್ಣೆ ಕೊಟ್ಟಿಗೆಗಳಲ್ಲಿ ಅವಳ ಹೆಸರು ಗೊತ್ತಿಲ್ಲದವರಿರಲಿಲ್ಲ. ಆದರೆ ದಿನಕ್ಕೆ ಎಂಟು ತಾಸು ಸೊಂಟ ಮುರಿದು ಬಾಗುವ ಕೆಲಸ ಅದು. ಕೆಳಬೆನ್ನಿನ ಒಂದು ಮೂಳೆ ಮೆಲ್ಲಮೆಲ್ಲನೆ ಮುಂದಕ್ಕೆ ಜಾರಿತ್ತು. ಒಂದು ದಿನ ಕಾಲೇ ಮರಗಟ್ಟಿತು. ಆಸ್ಪತ್ರೆಯಲ್ಲಿ ಎರಡು ಮೂಳೆಗಳನ್ನು ಸೇರಿಸಿ ಬಿಗಿದರು.

"ಇನ್ನು ಉಣ್ಣೆ ಕೆಲಸ ಮರೆತುಬಿಡಮ್ಮ," ಎಂದಿದ್ದರು ಶಸ್ತ್ರವೈದ್ಯರು.

ಅವತ್ತಿನಿಂದ ಅವಳು ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ.

ಆ ಎತ್ತರದ ಆಳಿನ ಹೆಸರು ಕ್ಯಾಲಮ್. ಬ್ಲಫ್ ಬಂದರಿನವನು. ಸಮುದ್ರದ ತಳದಿಂದ ತಿನ್ನುವ ಸಿಂಪಿ ಎತ್ತುವ ದೋಣಿಯಲ್ಲಿ ಹತ್ತು ವರ್ಷ ದುಡಿದವನು. ಅಲೆಯ ಹೊಡೆತಕ್ಕೆ ಜಾರಿ, ಕಬ್ಬಿಣದ ರಾಟೆಯ ಮೇಲೆ ಬೆನ್ನಡಿಯಾಗಿ ಬಿದ್ದಿದ್ದ. ಈಗ ಗೋರ್ ಪಟ್ಟಣದಲ್ಲಿ ಅಕ್ಕನ ಮನೆಯಲ್ಲಿದ್ದ.

ಇಬ್ಬರಿಗೂ ಒಬ್ಬಳೇ ಗುರು, ಸೆಲಾ. ಟೊಂಗಾ ದ್ವೀಪದ ಹೆಣ್ಣುಮಗಳು, ವ್ಯಾಯಾಮ ಚಿಕಿತ್ಸೆ ಕೊಡುವವಳು. ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚ್. ಅವಳೇ ಬಂದು ಕೀಲಿಕೈ ಎತ್ತಿಕೊಟ್ಟು ಇಬ್ಬರನ್ನೂ ಒಳಗೆ ಕರೆದಳು.

"ಒಳಗಿರೋ ಕಬ್ಬಿಣ ನಿಮ್ಮನ್ನ ಜೀವನಪೂರ್ತಿ ಹೊರಲ್ಲ," ಎಂದಳು ಸೆಲಾ. "ಮೂಳೆ ಕೂಡಿಕೊಳ್ಳೋವರೆಗೆ ಅಷ್ಟೇ ಅದರ ಕೆಲಸ. ಹೊರೋದು ಮಾಂಸ. ಆಪರೇಷನ್‌ನಲ್ಲಿ ಬೆನ್ನುಮೂಳೆ ಪಕ್ಕದ ಸ್ನಾಯುಗಳನ್ನ ಬಿಡಿಸಿ ಸರಿಸಿದ್ದಾರೆ. ಅವು ಮುನಿಸಿಕೊಂಡು ಮಲಗಿವೆ. ಎಬ್ಬಿಸಬೇಕು."

"ಹೇಗೆ?" ಎಂದಳು ರಿಪೆಕಾ.

"ಬೋರಲು ಮಲಗು. ತೋರಿಸ್ತೀನಿ."

ಎತ್ತರದ ಬೆಂಚಿನ ಮೇಲೆ ಬೋರಲು ಮಲಗಿಸಿ, ಸೊಂಟದಿಂದ ಕೆಳಕ್ಕೆ ಪಟ್ಟಿ ಬಿಗಿದಳು. ಸೊಂಟದಿಂದ ಮೇಲಿನ ಮೈ ಬೆಂಚಿನ ಆಚೆ, ಗಾಳಿಯಲ್ಲಿ! ಅದನ್ನು ನೆಲಕ್ಕೆ ಬಾಗದಂತೆ ನೇರವಾಗಿ ಹಿಡಿದಿರಬೇಕು. ಅಷ್ಟೇ.

ಅಷ್ಟೇ?!

ಬೆನ್ನಿನಲ್ಲಿ ಬೆಂಕಿ ಹತ್ತಿತು. ಮೈ ಗಡಗಡ ನಡುಗಿತು. ಕೈ ದೊಪ್ಪನೆ ನೆಲಕ್ಕೂರಿತು.

"ಒಂಬತ್ತು ಸೆಕೆಂಡ್," ಎಂದಳು ಸೆಲಾ.

ರಿಪೆಕಾಳ ಕಣ್ಣು ತುಂಬಿತು. 'ಇನ್ನೂರ ಎಪ್ಪತ್ತು ಕುರಿ ಬೋಳಿಸಿದ ಬೆನ್ನು... ಒಂಬತ್ತು ಸೆಕೆಂಡಾ?'

ಕ್ಯಾಲಮ್‌ನ ಸರದಿ ಬಂತು. ಹನ್ನೊಂದಕ್ಕೆ ಅವನೂ ಕುಸಿದ.

"ನಾನೇ ಗೆದ್ದೆ!" ಎಂದ, ಏದುಸಿರಿನಲ್ಲೇ.

"ಎರಡು ಸೆಕೆಂಡಿಗೆ ಇಷ್ಟು ಜಂಬಾನಾ?"

"ಜಂಬ ಪಡೋಕೆ ನನ್ನ ಹತ್ರ ಬೇರೇನೂ ಉಳಿದಿಲ್ಲ, ರಿಪೆಕಾ."

ಆ ಮಾತು ಅವಳನ್ನು ತಟ್ಟಿತು. ನಗುವ ಆ ಮುಖದ ಹಿಂದೆಯೂ ತನ್ನಂಥದೇ ಕತ್ತಲಿತ್ತು.

"ಎರಡು ನಿಮಿಷ ಹಿಡಿದ್ರೆ ಭಾರದ ಕೆಲಸದ ಮಾತಾಡೋಣ," ಎಂದಳು ಸೆಲಾ. "ಅಲ್ಲೀವರೆಗೆ ಯಾರೂ ವೀರರಾಗೋದು ಬೇಡ."

ಹೀಗೆ ಶುರುವಾಯಿತು.

ವಾರಕ್ಕೆ ಮೂರು ದಿನ ತರಗತಿ. ಮಂಡಿ, ಅಂಗೈ ಊರಿ ಒಂದು ಕೈ, ಎದುರುಬದಿಯ ಒಂದು ಕಾಲು ಚಾಚುವುದು. ಮಲಗಿ ಸೊಂಟ ಮೇಲೆತ್ತುವುದು. ತರಗತಿ ಮುಗಿದ ಮೇಲೆ ಮತೌರಾ ನದಿಯ ದಂಡೆಯಲ್ಲಿ ಇಬ್ಬರೂ ನಡೆಯುತ್ತಿದ್ದರು. ಮೊದಮೊದಲು ಸೇತುವೆಯವರೆಗೆ. ಆಮೇಲೆ ಸೇತುವೆ ದಾಟಿ. ಜುಲೈ ತಿಂಗಳು, ಅಲ್ಲಿ ಕೊರೆಯುವ ಚಳಿಗಾಲ; ಇಬ್ಬನಿ ಹೆಪ್ಪುಗಟ್ಟಿದ ಹುಲ್ಲು ಕಾಲಡಿಯಲ್ಲಿ ಕರಕರ ಎನ್ನುತ್ತಿತ್ತು. ವಾಪಸು ಬರುವಾಗ ಬೇಕರಿಯ ಬಿಸಿಬಿಸಿ ಚೀಸ್ ರೋಲ್, ಬೆಣ್ಣೆ ಸುರಿಯುವಂಥದು.

"ನಿನ್ನ ಪಾಲಿನದನ್ನೂ ನಾನೇ ತಿಂದೆ," ಎನ್ನುವನು ಅವನು.

"ಗೊತ್ತಿತ್ತು. ಅದಕ್ಕೇ ನಾಲ್ಕು ತಗೊಂಡಿದ್ದೆ ಮಾರಾಯಾ!"

ಸೆಪ್ಟೆಂಬರಿನಲ್ಲಿ ಅವಳದು ಮೂವತ್ತೆಂಟು ಸೆಕೆಂಡು. ಅವನದು ಮೂವತ್ತೈದು. ಕ್ರಿಸ್‌ಮಸ್ ಹೊತ್ತಿಗೆ ಇಬ್ಬರೂ ಒಂದು ನಿಮಿಷ ದಾಟಿದ್ದರು. ಜನವರಿಯಲ್ಲಿ ಅವಳಿಗೆ ಜ್ವರ ಬಂದು ಎರಡು ವಾರ ತಪ್ಪಿದಾಗ, ಲೆಕ್ಕ ಮತ್ತೆ ನಲವತ್ತಕ್ಕೆ ಇಳಿಯಿತು. ಅವತ್ತು ಅವಳು ಗಾಡಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಕ್ಯಾಲಮ್ ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತಿದ್ದ. 

ಅರ್ಧ ತಾಸಾದ ಮೇಲೆ ಕೇಳಿದ. "ನಾಳೆ ಎಷ್ಟು ಹೊತ್ತಿಗೆ ಬರ್ಲಿ?"

'ಇವನು ನನ್ನನ್ನು ಬಿಟ್ಟು ಹೋಗುವವನಲ್ಲ...' ಅವಳ ಎದೆಯೊಳಗೆ ಯಾವುದೋ ಬಿಗಿ ಸಡಿಲವಾಯಿತು.

ಮಾರ್ಚ್ ತಿಂಗಳ ಒಂದು ಗುರುವಾರ.

"ಒಂದು ಐವತ್ತು..." ಸೆಲಾ ಎಣಿಸುತ್ತಿದ್ದಳು. ರಿಪೆಕಾಳ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಬೆನ್ನಿನ ಎರಡೂ ಬದಿ ಸ್ನಾಯುಗಳು ಹುರಿಗೊಳಿಸಿದ ಹಗ್ಗದಂತೆ ಉಬ್ಬಿದ್ದವು. ಎದುರಿಗೆ ನೆಲದ ಮೇಲೆ ಕ್ಯಾಲಮ್ ಅಂಗಾತ ಮಲಗಿ, ಅವಳ ಮುಖವನ್ನೇ ನೋಡುತ್ತಿದ್ದ.

"ಬೀಳ್ಬೇಡ ಕಣೇ! ಬಿದ್ರೆ ನನ್ನ ಮೇಲೇ ಬೀಳ್ತೀಯ!"

"ನಗಿಸ್ಬೇಡ್ವೋ... ಹಾಳಾದೋನೇ..."

"ಎರಡು ನಿಮಿಷ!" ಸೆಲಾ ಕಿರುಚಿದಳು. "ಎರಡು ನಾಲ್ಕು... ಎರಡು ಏಳು!"

ರಿಪೆಕಾ ಕೈಯೂರಿದಳು. ಪಟ್ಟಿ ಬಿಚ್ಚಿದ್ದೇ ತಡ, ಕೆಳಗಿಳಿದು ಕ್ಯಾಲಮ್‌ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟಳು! ಸೆಲಾ ಗೋಡೆಯ ಕಡೆ ತಿರುಗಿಕೊಂಡು ಜೋರಾಗಿ ಕೆಮ್ಮಿದಳು.

ಏಪ್ರಿಲ್‌ನಲ್ಲಿ ಸ್ಕ್ಯಾನ್ ಆಯಿತು. ಮೂಳೆಗಳು ಒಂದಾಗಿ ಕೂಡಿಕೊಂಡಿದ್ದವು. ಸೆಲಾಳ ವರದಿಯನ್ನು ಶಸ್ತ್ರವೈದ್ಯರು ಎರಡು ಸಲ ಓದಿದರು. "ಸ್ವಲ್ಪಸ್ವಲ್ಪವಾಗಿ ಶುರುಮಾಡಮ್ಮ. ನಾನು ಅಂದುಕೊಂಡಿರಲಿಲ್ಲ," ಎಂದರು.

ರಿಪೆಕಾ ಗಾಡಿಯನ್ನು ನೇರ ಆಂಟಿ ಹೆರಾಳ ಮನೆಗೆ ಓಡಿಸಿದಳು. ಆಂಟಿ ಹೆರಾ ಅವಳ ತಾಯಿಯ ಅಕ್ಕ, ಸಾಕಿದವಳು. ಉಣ್ಣೆ ಕತ್ತರಿಸುವ ತಂಡದ ಒಡತಿಯೂ ಅವಳೇ.

ಅಂಗಳದ ಗೇಟಿನಿಂದ ಹೊರಗೆ ಬರುತ್ತಿದ್ದವನು... ಕ್ಯಾಲಮ್? ಇವಳನ್ನು ಕಂಡದ್ದೇ ಅವನು ಗಲಿಬಿಲಿಗೊಂಡ.

"ನೀನೇನೋ ಇಲ್ಲಿ?"

"ಅದು... ಸುಮ್ನೆ. ಆಮೇಲೆ ಹೇಳ್ತೀನಿ." ಅವನು ಸರಸರನೆ ಹೋಗಿಬಿಟ್ಟ.

ಒಳಗೆ ಆಂಟಿ ಹೆರಾ ಬ್ರೆಡ್ ಹಿಟ್ಟಿನ ಉಂಡೆಗಳನ್ನು ಎಣ್ಣೆಯಲ್ಲಿ ಕರಿಯುತ್ತಿದ್ದಳು. ವಿಷಯ ಕೇಳಿದರೂ ತಿರುಗಿ ನೋಡಲಿಲ್ಲ.

"ಜಾಗ ಇಲ್ಲ, ಮಗಳೇ."

"ಏನು?"

"ಈ ಸಲ ನಿನಗೆ ಕೊಟ್ಟಿಗೇಲಿ ಜಾಗ ಇಲ್ಲ. ಬೇಕಾದ್ರೆ ಉಣ್ಣೆ ವಿಂಗಡಿಸು. ಕತ್ತರಿ ಮುಟ್ಟಬೇಡ."

"ಡಾಕ್ಟರೇ ಒಪ್ಪಿದಾರೆ, ಆಂಟಿ! ಯಾರು ಹೇಳಿದ್ದು ಬೇಡ ಅಂತ? ಕ್ಯಾಲಮ್ ಯಾಕೆ ಬಂದಿದ್ದ?"

ಆಂಟಿ ಹೆರಾ ಒಲೆಯ ಉರಿ ಸಣ್ಣದು ಮಾಡಿದಳು. "ನಿನ್ನ ಬೆನ್ನಿನ ವಿಷಯಾನೇ ಮಾತಾಡೋಕೆ ಬಂದಿದ್ದ," ಎಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಅಷ್ಟು ಸಾಕಾಯಿತು!

ನದಿಯ ದಂಡೆಯಲ್ಲಿ ಅವನನ್ನು ಹಿಡಿದಳು.

"ನನ್ನ ಬೆನ್ನಿನ ಬಗ್ಗೆ ಆಂಟಿ ಹತ್ರ ಮಾತಾಡೋಕೆ ನೀನ್ಯಾರು?"

"ರಿಪೆಕಾ, ಮೊದ್ಲು ಕೇಳು..."

"ಹೋಗಿದ್ದು ಹೌದೋ ಅಲ್ವೋ?"

"ಹೌದು. ಆದ್ರೆ..."

"ಒಂಬತ್ತು ತಿಂಗಳು ನನ್ನ ಪಕ್ಕದಲ್ಲೇ ಮಲಗಿ ಬೆವರು ಸುರಿಸ್ದೆ. ಕೊನೆಗೆ ನೀನೂ ಅವರ ಹಾಗೇ! 'ಪಾಪ, ಅವಳ ಕೈಲಾಗಲ್ಲ' ಅಂತ!" ಅವಳ ದನಿ ಒಡೆಯಿತು. "ನನಗೆ ಗೊತ್ತು ಕಣೋ. ಸಿಂಪಿ ಕಾಲ ಶುರುವಾಗಿ ಒಂದು ತಿಂಗಳಾಯ್ತು. ನಿನ್ನ ಬೆನ್ನೂ ಗಟ್ಟಿಯಾಗಿದೆ. ಆದ್ರೂ ನೀನು ದೋಣಿ ಹತ್ತಿಲ್ಲ. ಹೆದರಿ ದಡದಲ್ಲಿ ಕೂತಿದ್ದೀಯ. ಜೊತೆಗೆ ನಾನೂ ಕೂತಿರ್ಲಿ ಅಂತ ನಿನ್ನಾಸೆ!"

ಕ್ಯಾಲಮ್‌ನ ಮುಖ ಬಿಳಿಚಿತು.

ಅವನು ಅವಳನ್ನು ದಾಟಿ ನಡೆದು ಹೋದ.

ಮರುದಿನ ತರಗತಿಗೆ ಅವನು ಬರಲಿಲ್ಲ. ಅದರ ಮರುವಾರವೂ ಇಲ್ಲ. ಬ್ಲಫ್‌ಗೆ ಹಿಂದಿರುಗಿದನಂತೆ ಎಂದಳು ಸೆಲಾ. ರಿಪೆಕಾ ಕೇಳಿಸದವಳಂತೆ ಬೆಂಚಿನ ಮೇಲೆ ಮಲಗಿದಳು. ಎರಡು ನಿಮಿಷ ಇಪ್ಪತ್ತು ಸೆಕೆಂಡು ಹಿಡಿದಳು. ಅದನ್ನು ಹೇಳಿಕೊಂಡು ಜಂಬ ಪಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

'ಹೋದ್ರೆ ಹೋಗ್ಲಿ!' ಎಂದುಕೊಂಡಳು. ಕಣ್ಣು ಮಾತ್ರ ಬಾಗಿಲಿನ ಕಡೆಗೇ.

ಆದರೆ ಕತ್ತರಿಯನ್ನು ಅವಳು ಬಿಡುವವಳಲ್ಲ. ಮೇ ಮೊದಲ ವಾರ ಆಂಟಿ ಹೆರಾಳ ಕೈ ಹಿಡಿದು ಎಳೆದುಕೊಂಡೇ ತರಗತಿಗೆ ಬಂದಳು.

"ಒಂದು ಸಲ ಕಣ್ಣಾರೆ ನೋಡು, ಆಂಟಿ. ಆಮೇಲೂ ಬೇಡ ಅಂದ್ರೆ ಇನ್ಯಾವತ್ತೂ ಕೇಳಲ್ಲ."

ಆಂಟಿ ಹೆರಾ ಕೈಕಟ್ಟಿ ನಿಂತಳು. ರಿಪೆಕಾ ಬೋರಲು ಮಲಗಿದಳು. ಒಂದು ನಿಮಿಷ... ಎರಡು... ಎರಡೂವರೆ! ಮೈ ಅಲುಗಲಿಲ್ಲ.

"ಇದೇನು ಮಹಾ!" ಆಂಟಿ ಹೆರಾ ಗೊಣಗಿದಳು. "ಸುಮ್ನೆ ಮಲಗೋದು ತಾನೇ?"

"ನೀವೂ ಒಂದ್ಸಲ ಮಲಗಿ ನೋಡಿ," ಎಂದಳು ಸೆಲಾ, ನಗು ತಡೆದುಕೊಂಡು.

ಅರವತ್ತರ ಆಂಟಿ ಹೆರಾ, ಊರಿಗೇ ಗಟ್ಟಿ ಹೆಂಗಸು, ಹದಿನೆಂಟು ಸೆಕೆಂಡಿಗೆ "ಅಯ್ಯಯ್ಯೋ!" ಎಂದು ಕೈಯೂರಿದಳು. ಎದ್ದು ಕೂತು ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡಳು. ಒರೆಸುತ್ತ ಒರೆಸುತ್ತ... ಅವಳು ಅಳುತ್ತಿದ್ದಳು.

"ನಿಮ್ಮಮ್ಮನ ಬೆನ್ನೂ ಇದೇ ಕೆಲಸದಲ್ಲೇ ಹೋಗಿದ್ದು, ಮಗಳೇ. ಕೊನೇ ಆರು ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ. ಅವಳಿಗೆ ಸ್ನಾನ ಮಾಡಿಸಿದ ಕೈ ಇದು. ನಿನ್ನನ್ನೂ ಹಾಗೆ ನೋಡೋ ಶಕ್ತಿ ನನಗಿಲ್ಲ."

ರಿಪೆಕಾ ಆ ಕೈಯನ್ನು ಕೆನ್ನೆಗೊತ್ತಿಕೊಂಡಳು. "ಅಮ್ಮನ ಬೆನ್ನನ್ನ ಯಾರೂ ಎಬ್ಬಿಸಲಿಲ್ಲ, ಆಂಟಿ. ನನ್ನದನ್ನ ನಾನೇ ಎಬ್ಬಿಸಿದ್ದೀನಿ."

ಆಂಟಿ ಹೆರಾ ಮೂಗು ಸೀಟಿದಳು.

"ಎರಡೇ ತಾಸು. ನಾನು ಹೇಳಿದ ಹಾಗೇ ಮಾಡ್ಬೇಕು."

ಚಳಿಗಾಲಕ್ಕೆ ಮುಂಚಿನ ಕೊನೆಯ ಉಣ್ಣೆ ಕೊಯಿಲು. ಬೆಟ್ಟದ ತಪ್ಪಲಿನ ಕೊಟ್ಟಿಗೆಯಲ್ಲಿ ಬೆಳಗಿನ ಏಳೂವರೆಗೆ ತಂಡ ಸಾಲಾಗಿ ನಿಂತಿತ್ತು. ಉಣ್ಣೆಯ ಎಣ್ಣೆ, ಕುರಿಗೊಬ್ಬರ, ಚಹಾ... ಆ ವಾಸನೆಯನ್ನು ರಿಪೆಕಾ ಎದೆ ತುಂಬ ಎಳೆದುಕೊಂಡಳು.

ಅವಳ ಜಾಗದಲ್ಲಿ ಮೇಲಿನ ತೊಲೆಯಿಂದ ಒಂದು ಸ್ಪ್ರಿಂಗ್, ಅದಕ್ಕೆ ಹಗ್ಗ, ಹಗ್ಗದ ತುದಿಗೆ ಅಗಲವಾದ ಎದೆಪಟ್ಟಿ ತೂಗುತ್ತಿತ್ತು. ಎದೆಯನ್ನು ಅದರ ಮೇಲಿಟ್ಟು ಬಾಗಿದರೆ ಮೈಭಾರ ಅರ್ಧ ಅದೇ ಹೊರುತ್ತದೆ. ಬೆನ್ನು ನೋಯುವವರು ಬಳಸುವಂಥದು.

"ಇದನ್ಯಾರು ಕಟ್ಟಿದ್ದು?"

"ನನ್ನ ಷರತ್ತು ಅದು. ಹಾಕ್ಕೋ," ಎಂದಳು ಆಂಟಿ ಹೆರಾ, ಬೇರೆ ಕಡೆ ನೋಡುತ್ತ.

ಗಂಟೆ ಹೊಡೆಯಿತು.

ಮೊದಲ ಕುರಿಯನ್ನು ಎಳೆತಂದು ಕೂರಿಸಿ ಮೊಣಕಾಲುಗಳ ನಡುವೆ ಹಿಡಿದಳು. ಕತ್ತರಿ ಗುಂಯ್ ಎಂದಿತು. ಕೈ ಮರೆತಿರಲಿಲ್ಲ! ಹೊಟ್ಟೆಯ ಉಣ್ಣೆ, ಕಾಲು, ಕತ್ತು, ಆಮೇಲೆ ಬೆನ್ನಿನುದ್ದಕ್ಕೂ ಒಂದೇ ಎಳೆತ. ಬೆಳ್ಳನೆಯ ಉಣ್ಣೆ ಹಾಲಿನ ಕೆನೆಯಂತೆ ಸುರುಳಿಸುರುಳಿಯಾಗಿ ಕಳಚಿತು. ಬೋಳಾದ ಕುರಿ ಕಿಂಡಿಯಲ್ಲಿ ಜಾರಿ ಓಡಿತು.

ಒಂದು. ಐದು. ಹನ್ನೆರಡು.

ಒಂದು ತಾಸಾಯಿತು. ಬೆನ್ನು ಉರಿಯತೊಡಗಿತು. ಅವಳು ಆ ಉರಿಯನ್ನು ಕಿವಿಗೊಟ್ಟು ಕೇಳಿದಳು. ಇದು ಹಿಂದಿನ ನೋವಲ್ಲ. ಕಾಲಿಗಿಳಿದು ಇರಿಯುವ ಆ ಮಿಂಚಲ್ಲ. ದುಡಿಯುವ ಸ್ನಾಯುವಿನ ಉರಿ ಇದು. 'ಎದ್ದಿದ್ದೀಯಾ? ಹಾಗಾದ್ರೆ ನಡಿ!'

ಇಪ್ಪತ್ತೊಂದು. ಮೂವತ್ತು. ಪಕ್ಕದವರು ತಮ್ಮ ಕುರಿ ಮುಗಿಸಿ ಒಂದು ಕ್ಷಣ ನಿಂತು ನೋಡುವರು.

"ಮೂವತ್ತೊಂಬತ್ತು!" ಉಣ್ಣೆ ಆಯುವ ಹೆಂಗಸರು ಕೂಗಿದರು. "ಇನ್ನೆರಡು ನಿಮಿಷ ಇದೆ ಕಣೇ! ಇನ್ನೊಂದು!"

ನಲವತ್ತನೆಯ ಕುರಿ ಕಿಂಡಿಗಿಳಿಯುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.

ಕೊಟ್ಟಿಗೆಯೇ ಹಾರಿಹೋಗುವಂಥ ಕೇಕೆ! ರಿಪೆಕಾ ಎದೆಪಟ್ಟಿಯಿಂದ ಮೆಲ್ಲಗೆ ಮೇಲೆದ್ದಳು. ಬೆನ್ನು ನೇರವಾಯಿತು. ಪೂರ್ತಿ ನೇರವಾಯಿತು! ಎರಡೂ ಕೈ ಸೊಂಟಕ್ಕಿಟ್ಟು, ಬೆವರು, ಕಣ್ಣೀರು, ನಗು ಎಲ್ಲ ಒಂದಾಗಿ ನಿಂತಳು. ತಂಡದವರು ಕಾಲಿಂದ ಹಲಗೆ ನೆಲವನ್ನು ದಡದಡ ಗುದ್ದಿದರು.

ತಂಡದವರು ಚಹಾಕ್ಕೆ ಹೋದ ಮೇಲೆ ಅವಳು ಹಗ್ಗವನ್ನು ಬಿಚ್ಚತೊಡಗಿದಳು. ಕೈ ನಿಂತುಹೋಯಿತು.

ಗಂಟು ಹಾಕಿರಲಿಲ್ಲ. ಹಗ್ಗದ ಎಳೆಗಳನ್ನು ಬಿಡಿಸಿ ಒಂದರೊಳಗೊಂದು ಹೆಣೆದು ಸೇರಿಸಿತ್ತು. ಕುರಿಯ ಕೆಲಸದವರ ಕೈಚಳಕವಲ್ಲ ಅದು. ಎದೆಪಟ್ಟಿಯ ಹೊಲಿಗೆಯೂ ಬಲೆ ಹೊಲಿಯುವ ದಪ್ಪ ದಾರದ್ದು!

"ಆಂಟಿ... ಇದು ಯಾರದು?"

ಬಾಗಿಲಲ್ಲಿ ನಿಂತಿದ್ದ ಆಂಟಿ ಹೆರಾ ಚಹಾದ ಲೋಟವನ್ನು ಕೆಳಗಿಟ್ಟಳು.

"ಅವನದ್ದೇ. ಆವತ್ತು ಇದನ್ನೇ ತಗೊಂಡು ಬಂದಿದ್ದ. ಒಂದು ತಿಂಗಳು ಕೂತು ಮಾಡಿದ್ನಂತೆ, ನಿನ್ನ ಎತ್ತರಕ್ಕೆ ಅಳೆದು. 'ಅವಳ ಕೈಲಾಗುತ್ತೆ, ಆಂಟಿ. ಮೊದ್ಲು ಎರಡು ತಾಸು ಕೊಟ್ಟು ನೋಡಿ' ಅಂತ ಬೇಡ್ಕೊಂಡ. ಬೇಡ ಅಂದವಳು ನಾನು. ನೀನು ತಪ್ಪು ತಿಳ್ಕೊಂಡೆ. ನಾನು ತಿದ್ದಲಿಲ್ಲ. ನೀನು ಸಿಟ್ಟಲ್ಲಾದ್ರೂ ಕತ್ತರಿ ಮರೀತೀಯ ಅಂದ್ಕೊಂಡೆ... ತಪ್ಪು ನನ್ನದು, ಮಗಳೇ."

ರಿಪೆಕಾ ಆ ಪಟ್ಟಿಯನ್ನು ಎದೆಗವಚಿಕೊಂಡಳು. 'ಹೆದರಿ ದಡದಲ್ಲಿ ಕೂತಿದ್ದೀಯ...' ಆಡಿದ ಮಾತು ಈಗ ತನ್ನನ್ನೇ ಇರಿಯಿತು. ಅನ್ನಿಸಿಕೊಂಡವನು ಒಂದು ಸಲವೂ ತಿರುಗಿ ಅನ್ನಲಿಲ್ಲ.

"ಇಲ್ಲೇ ನಿಂತಿದ್ದೀಯಲ್ಲೇ!" ಆಂಟಿ ಹೆರಾ ಗದರಿದಳು. "ನಿನ್ನ ಎರಡು ತಾಸು ಮುಗೀತು. ಗಾಡಿ ತಗೊಂಡು ಹೋಗು!"

ಬ್ಲಫ್ ಬಂದರು ತಲುಪಿದಾಗ ಮಧ್ಯಾಹ್ನ. ದೋಣಿಗಳು ಇನ್ನೂ ಬಂದಿರಲಿಲ್ಲ. ಉಣ್ಣೆ ಮೆತ್ತಿದ ಬಟ್ಟೆಯಲ್ಲೇ ಅವಳು ಕಟ್ಟೆಯ ಮೇಲೆ ಗಾಳಿಗೆ ಎದುರಾಗಿ ಎರಡು ತಾಸು ನಿಂತಳು. ಬೆನ್ನು ನೋಯುತ್ತಿತ್ತು. ಕೂರಲಿಲ್ಲ.

ಮೂರನೆಯ ದೋಣಿಯಲ್ಲಿ ಅವನಿದ್ದ.

ನೀರು ಇಳಿಯದ ಹಳದಿ ಎಣ್ಣೆಬಟ್ಟೆ ತೊಟ್ಟು, ದೋಣಿಯಂಚಿನಲ್ಲಿ ಕಾಲೂರಿ, ಹಗ್ಗ ಎಸೆಯುತ್ತಿದ್ದ. ಎಷ್ಟು ಗಟ್ಟಿಯಾಗಿ ನಿಂತಿದ್ದ! ಅವಳನ್ನು ಕಂಡು ಹಗ್ಗ ಕೈಯಲ್ಲೇ ಉಳಿಯಿತು.

"ಹಗ್ಗ ಎಸೆಯೋ, ದಡ್ಡ!" ದೋಣಿಯ ಯಜಮಾನ ಕೂಗಿದ.

ಕಟ್ಟೆಗೆ ಹಾರಿ ಬಂದು ಅವಳ ಮುಂದೆ ನಿಂತ. 

"ನಲವತ್ತು," ಎಂದಳು ಅವಳು.

"ಎರಡು ತಾಸಿಗಾ?" ಅವನ ಕಣ್ಣರಳಿತು. "ನಲವತ್ತಾ!"

"ನೀನು ಮಾಡಿದ ಪಟ್ಟಿ ನನ್ನ ಹೊತ್ಕೊಂಡಿತ್ತು. ಗೊತ್ತಿರಲಿಲ್ಲ, ಕ್ಯಾಲಮ್. ಇವತ್ತೇ ಗೊತ್ತಾಗಿದ್ದು. ನಾನು ಆವತ್ತು ಅಂದಿದ್ದು..."

"ನಿಜವನ್ನೇ ಅಂದೆ." ಅವನು ನೀರಿನ ಕಡೆ ನೋಡಿದ. "ಪಟ್ಟಿ ವಿಷಯ ನೀನು ತಪ್ಪು ತಿಳಿದಿದ್ದೆ. ಹೆದರಿಕೆ ವಿಷಯ ಅಲ್ಲ. ಪ್ರತಿ ಸಲ ಈ ಕಟ್ಟೆವರೆಗೆ ಬಂದು ವಾಪಸ್ ಹೋಗ್ತಿದ್ದೆ. ನಿನಗೆ ಹೇಳೋಕೆ ನಾಚಿಕೆ. ನಿನ್ನ ಮಾತು ಕೇಳಿದ ಮರುದಿನ ಸಿಟ್ಟಲ್ಲೇ ದೋಣಿ ಹತ್ತಿದೆ. ಮೊದಲನೇ ದಿನ ಪೂರ್ತಿ ವಾಂತಿ! ಎರಡನೇ ದಿನ ಸಿಂಪಿ ಎತ್ತಿದೆ."

"ಹಾಗಿದ್ರೆ ಯಾಕೆ ಬರಲಿಲ್ಲ ನನ್ನ ಹತ್ರ? ಒಂದು ಫೋನಾದ್ರೂ..."

"ನೀನು ಗೆದ್ದ ಮೇಲೆ ಬರೋಣ ಅಂತ. ನಡುವೆ ಬಂದ್ರೆ ನೀನು ನನ್ನ ಜೊತೆ ಜಗಳ ಆಡ್ತೀಯ, ಬೆನ್ನಿನ ಕೆಲಸ ಬಿಡ್ತೀಯ ಅಂತ ಸೆಲಾ ಹೇಳಿದ್ಲು. ವಾರವಾರ ಅವಳಿಗೆ ಫೋನ್ ಮಾಡಿ ನಿನ್ನ ಸೆಕೆಂಡು ಕೇಳ್ತಿದ್ದೆ."

"ಅವಳೂ ಸೇರಿಕೊಂಡಿದ್ಲಾ!" ಅಳುತ್ತಲೇ ಅವಳು ಅವನ ಎದೆಗೆ ಗುದ್ದಿದಳು. ಆಮೇಲೆ ಆ ಎದೆಗೇ ಒರಗಿದಳು. ಉಪ್ಪುನೀರು, ಸಿಂಪಿ, ಉಣ್ಣೆಯ ಎಣ್ಣೆ ಎಲ್ಲ ವಾಸನೆ ಒಂದಾಯಿತು. ಅವನ ತೋಳು ಅವಳ ಬೆನ್ನನ್ನು ಬಳಸಿತು. ಮೃದುವಾಗಿ ಅಲ್ಲ, ಬಿಗಿಯಾಗಿ, ಒಂದಿಷ್ಟೂ ಅಳುಕಿಲ್ಲದೆ. ಅವಳ ಬೆನ್ನು ಎಷ್ಟು ತಾಳುತ್ತದೆಂದು ಅವಳನ್ನು ಬಿಟ್ಟರೆ ಗೊತ್ತಿದ್ದವನು ಅವನೊಬ್ಬನೇ.

"ಆಂಟಿ ಹೆರಾ ಭಾನುವಾರ ಊಟಕ್ಕೆ ಕರೆದಿದ್ದಾಳೆ," ಎಂದಳು, ತಲೆ ಎತ್ತದೆ. ಅದು ಸುಳ್ಳು. ಆಂಟಿ ಹೆರಾ ಇನ್ನೂ ಕರೆದಿರಲಿಲ್ಲ.

"ಯಾವ ಲೆಕ್ಕದಲ್ಲಿ? ಪಟ್ಟಿ ಹೊಲಿಯೋನು ಅಂತಾನಾ?"

"ಅಲ್ಲ ಕಣೋ."

"ಮತ್ತೆ?"

"ನಾನು ಪ್ರೀತಿಸೋನು ಅಂತ."

ಕ್ಯಾಲಮ್ ಅವಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಅವನ ಗದ್ದ ಅವಳ ನೆತ್ತಿಯ ಮೇಲಿತ್ತು. 

"ಹಾಗಾದ್ರೆ ಎರಡು ಡಜನ್ ಸಿಂಪಿ ತರ್ತೀನಿ," ಎಂದ.

"ಮೂರು ತಾ. ನಾನು ಈಗ ಕೆಲಸಕ್ಕೆ ಹೋಗೋಳು, ಹಸಿವು ಜಾಸ್ತಿ."